ಕಾಡುಪಾಪವೂ ಪಿಕಳಾರವೂ

ಪ್ರಾಣಿಶಾಸ್ತ್ರವು ನನ್ನ ಅಭ್ಯಾಸದ ವಿಷಯವಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಇವುಗಳನ್ನು ಓದುವ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ಪ್ರಾಣಿಯನ್ನೂ ಒಂದು ಹಕ್ಕಿಯನ್ನೂ ಮುಂದಿಟ್ಟುಕೊಂಡು ಹೋಲಿಕೆಗೆ ಹೊರಟರೆ ವಿಜ್ಞಾನದವರು ನಕ್ಕಾರು. ನಮ್ಮದು ಕಲಾ ಕಾಲೇಜಾದುದರಿಂದ ನಗಲು ಇಲ್ಲಿ ವಿಜ್ಞಾನದವರಿಲ್ಲ ಎಂಬುದೇ ನನ್ನ ಧೈರ್ಯ. ಅಲ್ಲದೆ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಕೊನೆಗೆ ಬಂದು ನಿಲ್ಲುವುದು ಪ್ರಾಣಿಶಾಸ್ತ್ರದಲ್ಲಲ್ಲ, ಕಂದಾಯದ ಕಡತದಲ್ಲಿ. ಅಲ್ಲಿ ಮಾತಾಡಲು ಕಲಾ ವಿದ್ಯಾರ್ಥಿಗೂ ಹಕ್ಕುಂಟು.

ನಾನು ಆರಿಸಿಕೊಂಡಿರುವ ಎರಡು ಜೀವಿಗಳೂ ನಮ್ಮ ತುಮಕೂರು ಸೀಮೆಯವು. ಒಂದು ಕಾಡುಪಾಪ. ಕಾಲು ಕಿಲೋವಿನ ಆಸುಪಾಸು ತೂಗುವ, ಬಾಲವಿಲ್ಲದ, ಕಡ್ಡಿಯಂಥ ಕೈಕಾಲುಗಳ ಮೇಲೆ ಎರಡು ದೊಡ್ಡ ಕಣ್ಣುಗಳನ್ನು ಹೊತ್ತು ತಿರುಗುವ ನಿಶಾಚರ ಪ್ರಾಣಿ. ತುಮಕೂರಿನ ಬಳಿಯ ನಾಗವಲ್ಲಿ ಈ ಪ್ರಾಣಿಗೆ ಹೆಸರಾದ ಊರು. ಇನ್ನೊಂದು ಹಳದಿ ಕೊರಳಿನ ಪಿಕಳಾರ. ಗೇಣಿಗೆ ತುಸು ಕಡಮೆ ಉದ್ದದ ಹಕ್ಕಿ. ಬೂದುಕಂದು ಮೈ, ಹಳದಿ ತಲೆ, ಅದಕ್ಕಿಂತ ಹೊಳೆಯುವ ಹಳದಿ ಗಂಟಲು. ದೇವರಾಯನದುರ್ಗ, ನಂದಿ, ಸಾವನದುರ್ಗ, ರಾಮನಗರ ಮೊದಲಾದ ಕಲ್ಲುಬೆಟ್ಟಗಳ ಬಂಡೆಗಳ ಸಂದಿನಲ್ಲಿ, ಕುರುಚಲು ಗಿಡಗಳ ಮರೆಯಲ್ಲಿ ಇದರ ವಾಸ. ನಮ್ಮ ಮನೆಗಳ ಹಿಂದೆ ಸೀಬೆಗಿಡಕ್ಕೆ ಬರುವ ಜುಟ್ಟಿನ ಪಿಕಳಾರವನ್ನು ಎಲ್ಲರೂ ಬಲ್ಲರು. ಇದು ಅದರ ದಾಯಾದಿ. ಆದರೆ ಮಹಾ ನಾಚಿಕೆಯ ಸ್ವಭಾವದ್ದು.

ಮೊದಲು ಇವುಗಳ ಕುಲಗೋತ್ರವನ್ನು ವಿಚಾರಿಸೋಣ. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿ ಹಾಕಿಕೊಟ್ಟು ಆಮೇಲಿನವರು ಬೆಳೆಸಿದ ಕ್ರಮದಲ್ಲಿ ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಿನಲ್ಲಿ ಎರಡೂ ಒಂದೇ ಮನೆಯವು, ಎರಡಕ್ಕೂ ಬೆನ್ನುಮೂಳೆಯಿದೆ. ಮುಂದಿನ ಮೆಟ್ಟಿಲಿಗೇ ದಾರಿ ಕವಲೊಡೆಯುತ್ತದೆ: ಒಂದು ಸ್ತನಿ, ಇನ್ನೊಂದು ಪಕ್ಷಿ. ಈ ಕವಲು ಒಡೆದು 30 ಕೋಟಿ ವರ್ಷಗಳಿಗೂ ಹೆಚ್ಚಾಯಿತೆಂದು ಹೇಳುತ್ತಾರೆ. ಅಷ್ಟು ಹಳೆಯ ಪಾಲುಪಟ್ಟಿಯಾದ ಮೇಲೂ ಈ ಇಬ್ಬರು ದಾಯಾದಿಗಳು ಒಂದೇ ಬೆಟ್ಟದ ಮೇಲೂ ಬುಡದಲ್ಲೂ ಸಂಸಾರ ಹೂಡಿರುವುದು ಸೋಜಿಗವೇ ಸರಿ.

ಕಾಡುಪಾಪವು ಪ್ರೈಮೇಟ್ ಗಣಕ್ಕೆ ಸೇರಿದ್ದು. ಈ ಗಣದಲ್ಲಿಯೇ ಮುಸಿಯ ಇದೆ, ಕೋತಿ ಇದೆ, ನಾವೂ ನೀವೂ ಇದ್ದೇವೆ. ಆದರೆ ಅದು ಕೋತಿಯಲ್ಲ. ಅದರ ಹತ್ತಿರದ ಬಂಧುಗಳು ಆಫ್ರಿಕದಲ್ಲಿಯೂ ಮಡಗಾಸ್ಕರಿನ ಲೀಮರ್‌ಗಳಲ್ಲಿಯೂ ಇದ್ದಾರೆ. ಬೆರಳುಗಳಿಗೆ ನಮ್ಮಂತೆಯೇ ಉಗುರು. ಕಾಲಿನ ಎರಡನೆಯ ಬೆರಳಿಗೆ ಮಾತ್ರ ಮೈ ಕೆರೆದುಕೊಳ್ಳಲೆಂದು ಒಂದು ನಖ ಉಳಿದಿದೆ. ಅದರ ಕುಟುಂಬ ಬಹಳ ಚಿಕ್ಕದು, ಬೆರಳಲ್ಲಿ ಎಣಿಸಿ ಮುಗಿಸಬಹುದಾದಷ್ಟೇ ಜಾತಿಗಳು. ಲಿನೇಯಸನು ಮೊದಲು ಇದನ್ನು ಲೀಮರ್ ಟಾರ್ಡಿಗ್ರಾಡಸ್, ಎಂದರೆ ಮೆಲ್ಲನೆ ನಡೆಯುವ ಲೀಮರ್ ಎಂದು ಕರೆದನು. ಈಗ ಆ ಟಾರ್ಡಿಗ್ರಾಡಸ್ ಎಂಬ ಹೆಸರು ಸಿಂಹಳದ ಕೆಂಪು ಕಾಡುಪಾಪಕ್ಕೆ ಮಾತ್ರ ಉಳಿದಿದೆ. ನಮ್ಮದಕ್ಕೆ ಲೋರಿಸ್ ಲಿಡೆಕ್ಕೇರಿಯಾನಸ್ ಎಂಬ ಹೆಸರು. ಇದನ್ನು 1908ರಲ್ಲಿ ಕಬ್ರೇರಾ ಎಂಬ ಸ್ಪೇನಿನ ವಿದ್ವಾಂಸನು ಇಟ್ಟನು. ಅದರಲ್ಲಿಯೂ ನಮ್ಮ ಬಯಲುಸೀಮೆಯದನ್ನು ಮೈಸೂರು ಕಾಡುಪಾಪವೆಂದೂ ಪಶ್ಚಿಮ ಘಟ್ಟದ ಮಳೆಕಾಡಿನದನ್ನು ಮಲಬಾರ್ ಕಾಡುಪಾಪವೆಂದೂ ಉಪಪ್ರಭೇದಗಳಾಗಿ ವಿಂಗಡಿಸಿದ್ದಾರೆ.

ಪಿಕಳಾರದ ಕಥೆ ಇದಕ್ಕೆ ವಿರುದ್ಧ. ಅದು ಹುಟ್ಟಿದ್ದು ಜಗತ್ತಿನ ಅತಿ ದೊಡ್ಡ ಪಕ್ಷಿಗಣದಲ್ಲಿ. ಭೂಮಿಯ ಮೇಲಿರುವ ಸುಮಾರು 11,000 ಪ್ರಭೇದದ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಯಾಸರಿಫಾರ್ಮಿಸ್ ಎಂಬ ಈ ಒಂದೇ ಗಣಕ್ಕೆ ಸೇರುತ್ತವೆ. ಇದರೊಳಗೆ ಧ್ವನಿಪೆಟ್ಟಿಗೆಯ ಸ್ನಾಯುಗಳು ಹೆಚ್ಚು ಬೆಳೆದಿರುವ ಉಪಗಣವನ್ನು ಹಾಡುಹಕ್ಕಿಗಳು ಎನ್ನುತ್ತಾರೆ. ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ತಮಾಷೆಯಿದೆ. ನಮ್ಮ ಕವಿಗಳು ಸಾವಿರ ವರ್ಷ ಹೊಗಳಿದ ಕೋಗಿಲೆಗೆ ಈ ಪಂಗಡದಲ್ಲಿ ಸ್ಥಾನವಿಲ್ಲ. ಅದರ ಗಣವೇ ಬೇರೆ. ಅದರ ಮೊಟ್ಟೆಗೆ ಕಾವು ಕೊಡುವ ಕಾಗೆಯಾದರೋ ಶಾಸ್ತ್ರೋಕ್ತವಾಗಿ ಹಾಡುಹಕ್ಕಿ! ವರ್ಗೀಕರಣವು ಕಿವಿಗೆ ಇಂಪಾದುದನ್ನು ನೋಡುವುದಿಲ್ಲ, ಕೊರಳಿನ ಒಳಗಿನ ರಚನೆಯನ್ನು ನೋಡುತ್ತದೆ. ಕವಿಗಳು ಇದಕ್ಕಾಗಿ ತಿದ್ದಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳದಿ ಕೊರಳಿನ ಪಿಕಳಾರಕ್ಕೆ ಪಿಕ್ನೊನೋಟಸ್ ಕ್ಸಾಂತೊಲೀಮಸ್ ಎಂಬ ಹೆಸರು. ಎರಡನೆಯ ಪದಕ್ಕೆ ಗ್ರೀಕಿನಲ್ಲಿ ಹಳದಿ ಗಂಟಲು ಎಂದೇ ಅರ್ಥ. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ 1845ರಲ್ಲಿ ಇದನ್ನು ವರ್ಣಿಸಿದನು. ಇದರ ಕುಟುಂಬದಲ್ಲಿ ನೂರೈವತ್ತರಷ್ಟು ಪ್ರಭೇದಗಳಿವೆ. ಅಷ್ಟು ದೊಡ್ಡ ಬಳಗವಿದ್ದರೂ ಈ ಒಂದು ಪ್ರಭೇದ ಮಾತ್ರ ದಕ್ಷಿಣ ಭಾರತದ ಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ.

ಕುಲದ ವಿಚಾರ ಇಷ್ಟು. ಇನ್ನು ಸ್ಥಿತಿಯ ವಿಚಾರ. ಈ ಎರಡನ್ನೂ ಬೆರೆಸಿ ಮಾತಾಡುವ ರೂಢಿ ನಮ್ಮಲ್ಲಿದೆ. ಅಪರೂಪದ ಕುಲದ್ದಾದರೆ ಅಪಾಯದಲ್ಲಿರಬೇಕು, ಸಾಮಾನ್ಯ ಕುಲದ್ದಾದರೆ ಸುಖವಾಗಿರಬೇಕು ಎಂಬ ಊಹೆ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ನಾಡಕಚೇರಿಯಿಂದ ಜಾತಿಯದನ್ನೂ ಆದಾಯದ್ದನ್ನೂ ದೃಢಪಡಿಸಿ ತರುತ್ತೇವಲ್ಲವೆ? ಜಾತಿ ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ. ಆದಾಯ ಪ್ರಮಾಣಪತ್ರಕ್ಕಾದರೋ ಐದು ವರ್ಷದ ಆಯುಸ್ಸು. ಆಮೇಲೆ ಮತ್ತೆ ಕ್ಯೂ ನಿಲ್ಲಬೇಕು. ಲಿನೇಯಸನ ಪಟ್ಟಿ ಮೊದಲನೆಯ ಬಗೆಯದು. ಎರಡನೆಯ ಬಗೆಯದನ್ನು ಕೊಡುವುದು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ. 1948ರಲ್ಲಿ ಹುಟ್ಟಿದ ಈ ಸಂಸ್ಥೆ 1964ರಿಂದ ಕೆಂಪು ಪಟ್ಟಿ ಎಂಬುದೊಂದನ್ನು ನಡೆಸಿಕೊಂಡು ಬಂದಿದೆ. ಕಳವಳವಿಲ್ಲದ್ದು, ಅಪಾಯದ ಸಮೀಪದ್ದು, ಅಪಾಯಕ್ಕೆ ಈಡಾದದ್ದು, ಅಳಿವಿನ ದಾರಿಯದು, ಅಳಿವಿನ ಅಂಚಿನದು ಎಂದು ಅದರ ಮೆಟ್ಟಿಲುಗಳು ಕೆಳಗಿಳಿಯುತ್ತ ಕೊನೆಗೆ ಅಳಿದದ್ದು ಎಂಬಲ್ಲಿಗೆ ಮುಟ್ಟುತ್ತವೆ. ಇಲ್ಲಿ ಕುಲ ಕೇಳುವುದಿಲ್ಲ, ಲೆಕ್ಕ ಕೇಳುತ್ತಾರೆ. ಹತ್ತು ವರ್ಷದಲ್ಲಿ ಅಥವಾ ಮೂರು ತಲೆಮಾರಿನಲ್ಲಿ, ಯಾವುದು ದೀರ್ಘವೋ ಅಷ್ಟು ಕಾಲದಲ್ಲಿ, ಸಂಖ್ಯೆ ನೂರಕ್ಕೆ ಮೂವತ್ತರಷ್ಟು ಕುಸಿದಿದ್ದರೆ ಅಪಾಯಕ್ಕೆ ಈಡಾದದ್ದು ಎಂದು ಬರೆದುಕೊಳ್ಳುತ್ತಾರೆ. ಹಾಗೆ ಬರೆಯಲು ಬೇರೆ ಅಳತೆಗಳೂ ಉಂಟು.

ಈ ಪಟ್ಟಿಯಲ್ಲಿ ನಮ್ಮ ಕಾಡುಪಾಪವು 2008ರಲ್ಲಿ ಕಳವಳವಿಲ್ಲದ ಮೆಟ್ಟಿಲಿನಲ್ಲಿತ್ತು. 2020ರಲ್ಲಿ ಅಪಾಯದ ಸಮೀಪಕ್ಕೆ ಇಳಿಯಿತು. ಪಿಕಳಾರವು ಅದಕ್ಕಿಂತ ಇನ್ನೂ ಒಂದು ಮೆಟ್ಟಿಲು ಕೆಳಗೆ, ಅಪಾಯಕ್ಕೆ ಈಡಾದ ಸಾಲಿನಲ್ಲಿದೆ. ಬಂಧುಬಳಗ ಕಡಮೆಯಿರುವ ಪ್ರಾಣಿಗಿಂತ ಸಾವಿರಾರು ನಂಟರಿರುವ ಹಕ್ಕಿಯ ಗತಿಯೇ ಹೆಚ್ಚು ಬಿಗಡಾಯಿಸಿದೆ.

ನಮ್ಮ ದೇಶದ ಕಾನೂನು ಬಹುಕಾಲ ಇದನ್ನು ತಲೆಕೆಳಗಾಗಿ ಕಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಲ್ಲಿ ಕಾಡುಪಾಪವು ಹುಲಿ ಆನೆಗಳ ಸಮಕ್ಕೆ ಮೊದಲನೆಯದರಲ್ಲಿ ಸೇರಿತು. ಇದು ಸರಿಯೇ, ಅದನ್ನು ಹಿಡಿಯುವವನಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವೆಂದು ಮಾಡಿದ್ದು ಅಗತ್ಯವಾಗಿಯೇ ಇತ್ತು. ಪಿಕಳಾರಗಳನ್ನಾದರೋ ಇಡೀ ಕುಟುಂಬವನ್ನೇ ಒಂದು ಗಂಟು ಕಟ್ಟಿ ನಾಲ್ಕನೆಯ ಅನುಸೂಚಿಗೆ ಹಾಕಿದರು. ಸೀಬೆಗಿಡದ ಪಿಕಳಾರವೂ ದುರ್ಗದ ಬಂಡೆಯ ಪಿಕಳಾರವೂ ಅಲ್ಲಿ ಒಂದೇ ಆದವು. 2022ರ ತಿದ್ದುಪಡಿ ಬಂದು ಅನುಸೂಚಿಗಳ ವ್ಯವಸ್ಥೆಯನ್ನೇ ಬದಲಾಯಿಸುವವರೆಗೆ ಇದು ಹೀಗೆಯೇ ನಡೆಯಿತು. ಕುಟುಂಬದ ಹೆಸರನ್ನು ನೋಡಿ ವ್ಯಕ್ತಿಯ ಕಷ್ಟವನ್ನು ಅಳೆದರೆ ಆಗುವುದೇ ಹೀಗೆ.

ಏಕೆ ಹೀಗಾಯಿತು? ನನಗೆ ತೋರುವ ಕಾರಣವನ್ನು ಹೇಳುತ್ತೇನೆ. ಕಾಡುಪಾಪಕ್ಕೆ ಮುಖವಿದೆ. ಆ ಕಣ್ಣುಗಳು ಎದುರಿಗೆ ನೋಡುತ್ತವೆ, ಆ ಕೈ ಮಗುವಿನ ಕೈಯಂತೆ ಕೊಂಬೆಯನ್ನು ಹಿಡಿಯುತ್ತದೆ. ಹೆಸರಿನಲ್ಲಿರುವ 'ಪಾಪ' ಎಂಬುದು ಹಸುಳೆಯೆಂಬ ಅರ್ಥದ್ದು, ಪುಣ್ಯದ ಎದುರಿನ ಪಾಪವಲ್ಲ. ದುರ್ದೈವದಿಂದ ಅದೇ ಕಣ್ಣು ಅದಕ್ಕೆ ಮುಳುವೂ ಆಗಿದೆ: ಮಾಟಮಂತ್ರಕ್ಕೆಂದೂ ನಾಟಿ ಔಷಧಿಗೆಂದೂ ಅದನ್ನು ಹಿಡಿದು ಹಿಂಸಿಸುವ ನೀಚತನ ಇನ್ನೂ ನಿಂತಿಲ್ಲ. ಹೇಗೂ ಅದನ್ನು ಕಂಡವರಿಗೆ ಮರುಕವೋ ಭಯವೋ ಏನಾದರೊಂದು ಹುಟ್ಟುತ್ತದೆ. ಪಿಕಳಾರವನ್ನು ಕಂಡವರಿಗೆ ಏನೂ ಹುಟ್ಟುವುದಿಲ್ಲ, ಕಂಡೆವೆಂಬುದೇ ತಿಳಿಯುವುದಿಲ್ಲ. ನಮಗೆ ಹತ್ತಿರದ ಗಣವೆಂಬ ಕಾರಣಕ್ಕೆ ಒಂದನ್ನು ಮುದ್ದಿಸಿ ಇನ್ನೊಂದನ್ನು ಮರೆಯುವುದು ಸ್ವಜನಪಕ್ಷಪಾತವೇ ಅಲ್ಲವೆ?

ಹಾಗಿರಲಿ. ಅನುಸೂಚಿಯಲ್ಲಿ ಮೇಲಿದ್ದ ಕಾಡುಪಾಪವಾದರೂ ಸುಖವಾಗಿದೆಯೆ ಎಂದರೆ ಅದೂ ಇಲ್ಲ. ಕಾಯಿದೆಯು ಪ್ರಾಣಿಯನ್ನು ಹಿಡಿಯಬೇಡ, ಕೊಲ್ಲಬೇಡ ಎನ್ನುತ್ತದೆ. ಕಾಡಿನ ಎಲ್ಲೆಯ ಹೊರಗೆ ಅದು ಮಲಗುವ ಬೇಲಿಯನ್ನು ಕೀಳಬೇಡ ಎನ್ನುವುದಿಲ್ಲ. ಇಲ್ಲಿಯೇ ಮೂರನೆಯ ಪಟ್ಟಿಯೊಂದು ಬರುತ್ತದೆ. ಈ ಎರಡು ಜೀವಿಗಳ ಹಣೆಬರಹವನ್ನು ನಿಜವಾಗಿ ಬರೆಯುತ್ತಿರುವುದು ಈ ಪಟ್ಟಿ ಎಂಬುದೇ ನನ್ನ ವಾದ.

ನಮ್ಮ ಪಹಣಿಯಲ್ಲಿ ಖರಾಬು ಎಂಬ ಒಂದು ಅಂಕಣವಿದೆ. ಸಾಗುವಳಿಗೆ ಬಾರದ ಭೂಮಿಗೆ ಆ ಹೆಸರು. 1966ರ ಭೂಕಂದಾಯ ನಿಯಮಗಳಲ್ಲಿ ಅದನ್ನು 'ಅ' ಖರಾಬು, 'ಬ' ಖರಾಬು ಎಂದು ಬೇರೆ ಮಾಡಿದ್ದಾರೆ. ಖರಾಬು ಎಂದರೆ ಕೆಟ್ಟದ್ದು. ದೆಹಲಿಯ ಸರ್ಕಾರದ ಭೂಸಂಪನ್ಮೂಲ ಇಲಾಖೆಯೂ ಹೈದರಾಬಾದಿನ ದೂರಸಂವೇದಿ ಕೇಂದ್ರವೂ ಸೇರಿ ಬಂಜರುಭೂಮಿಗಳ ಭೂಪಟವೊಂದನ್ನು ಹೊರತರುತ್ತವೆ. 2019ರ ಭೂಪಟದಲ್ಲಿ ಬಂಜರಿನಲ್ಲಿ 23 ಬಗೆಗಳನ್ನು ಎಣಿಸಿದ್ದಾರೆ. ದೇಶದ ನೂರಕ್ಕೆ ಸುಮಾರು ಹದಿನೇಳು ಪಾಲು ನೆಲ ಇದರೊಳಗೆ ಬರುತ್ತದೆ. ಆ ಬಗೆಗಳಲ್ಲಿ ಒಂದು ದಟ್ಟ ಕುರುಚಲಿನ ನೆಲ, ಇನ್ನೊಂದು ಕಲ್ಲುಬಂಡೆಯ ಪಾಳು. ಮೊದಲನೆಯದು ಕಾಡುಪಾಪದ ಮನೆ, ಎರಡನೆಯದು ಪಿಕಳಾರದ ಮನೆ. ಒಂದು ಕಚೇರಿಯ ಪಟ್ಟಿಯಲ್ಲಿ ರಕ್ಷಿಸಬೇಕಾದ ಜೀವಿ, ಇನ್ನೊಂದು ಕಚೇರಿಯ ಪಟ್ಟಿಯಲ್ಲಿ ಅದರ ವಿಳಾಸ ಪಾಳುಬಂಜರು! ಎರಡು ಕಚೇರಿಗಳೂ ತಮ್ಮ ತಮ್ಮ ಲೆಕ್ಕವನ್ನು ಪ್ರಾಮಾಣಿಕವಾಗಿಯೇ ಬರೆದಿವೆ. ಎರಡು ಕಡತಗಳು ಒಂದೇ ಮೇಜಿನ ಮೇಲೆ ಬಂದಿಲ್ಲ, ಅಷ್ಟೇ.

ಇದು ನೆಲದ ಮೇಲೆ ಹೇಗೆ ನಡೆಯುತ್ತದೆಂಬುದನ್ನು ನಾನು ಬಲ್ಲೆ, ಏಕೆಂದರೆ ನಮ್ಮ ತಂದೆ ಬಂಡೆ ಕೆಲಸದವರು. ಅವರು ಮೂರನೆಯ ತರಗತಿಗೆ ಶಾಲೆ ಬಿಟ್ಟು ಉಳಿ ಹಿಡಿದರು. ನಮ್ಮ ಊರಿನ ಮೇಲಿನ ಬೆಟ್ಟದಲ್ಲಿ ಅವರೂ ಅವರ ಜೊತೆಯವರೂ ಸೀಳಿದ ಕಲ್ಲುಕೂಚಗಳು ಸುತ್ತಿನ ಹತ್ತು ಹಳ್ಳಿಗಳಲ್ಲಿ ನಿಂತಿವೆ. ಕಲ್ಲುಕೂಚವೆಂದರೆ ಆಳುದ್ದದ ಕಲ್ಲಿನ ಕಂಬ. ಎರಡು ಮೂರು ಮಾರಿಗೊಂದು ನೆಟ್ಟು ಮುಳ್ಳುತಂತಿ ಎಳೆದರೆ ಬೇಲಿಯಾಯಿತು. ಮೊದಲು ನಮ್ಮ ಹೊಲಗಳಿಗೆ ಬೇಲಿಯೆಂದರೆ ಕಳ್ಳಿ, ಕತ್ತಾಳೆ, ಸೀಗೆ, ಲಂಟಾನ. ನಡುನಡುವೆ ಹೊಂಗೆ, ಬೇವು, ಹುಣಿಸೆ. ಎರಡಾಳು ಅಗಲದ ಆ ಬೇಲಿಗಳು ಒಂದಕ್ಕೊಂದು ಕೂಡಿಕೊಂಡು ಬೆಟ್ಟದ ಬುಡದವರೆಗೆ ಹೋಗುತ್ತಿದ್ದವು. ಕಾಡುಪಾಪಕ್ಕೆ ಅದೇ ರಾಜಮಾರ್ಗ. ಅದು ಕೋತಿಯಂತೆ ನೆಗೆಯಲಾರದು. ಒಂದು ಕೊಂಬೆಯ ಕೈಬಿಡುವ ಮೊದಲು ಇನ್ನೊಂದನ್ನು ಹಿಡಿದಿರಬೇಕು. ಕೊಂಬೆಯ ದಾರಿ ಎಲ್ಲಿ ಕಡಿಯಿತೋ ಅಲ್ಲಿ ನೆಲಕ್ಕಿಳಿಯಬೇಕು. ಇಳಿದರೆ ನಾಯಿ, ರಸ್ತೆಯಾದರೆ ಲಾರಿ. ಕೊಂಬೆಯ ಬದಲು ವಿದ್ಯುತ್ ತಂತಿಯನ್ನು ಹಿಡಿದು ಸತ್ತವೂ ಇವೆ.

ಹಸಿರು ಬೇಲಿ ಹೋಗಿ ಕಲ್ಲುಕೂಚ ಬಂದಲ್ಲಿ ಕಾಡುಪಾಪದ ದಾರಿ ಕಡಿಯಿತು. ಆ ಕೂಚವನ್ನು ಸೀಳಿ ತಂದ ಬೆಟ್ಟದಲ್ಲಿ ಪಿಕಳಾರದ ಬಂಡೆ ಹೋಯಿತು. ಒಂದೇ ಕಲ್ಲು, ಕಿತ್ತ ಕಡೆ ಹಕ್ಕಿಯನ್ನೂ ನೆಟ್ಟ ಕಡೆ ಪ್ರಾಣಿಯನ್ನೂ ಓಡಿಸಿತು. ಮೂವತ್ತು ಕೋಟಿ ವರ್ಷದ ದೂರದ ದಾಯಾದಿಗಳನ್ನು ಹೀಗೆ ಒಂದೇ ಗತಿಗೆ ತಂದು ನಿಲ್ಲಿಸಿರುವುದನ್ನು ಯಾವ ವರ್ಗೀಕರಣದ ಪುಸ್ತಕವೂ ಹೇಳುವುದಿಲ್ಲ. ಈಚೆಗೆ ಜಲ್ಲಿಯ ಯಂತ್ರಗಳು ಬಂದಿವೆ. ಅವುಗಳ ಮುಂದೆ ಉಳಿ ಸುತ್ತಿಗೆಯ ಕೆಲಸ ಮಕ್ಕಳಾಟ. ಒಬ್ಬಾಳು ವರ್ಷವಿಡೀ ಸೀಳಿದ ಕಲ್ಲನ್ನು ಅವು ಕೆಲವೇ ದಿನಗಳಲ್ಲಿ ನುಂಗುತ್ತವೆ.

ಇಷ್ಟು ಓದಿದ ಮಿತ್ರರಲ್ಲಿ ಯಾರಾದರೂ, ನಿನ್ನ ಕಾಲೇಜಿನ ಶುಲ್ಕವೂ ಆ ಕಲ್ಲಿನಿಂದಲೇ ಬಂದದ್ದಲ್ಲವೇ ಎಂದು ಕೇಳಬಹುದು. ಹೌದು, ಅದರಿಂದಲೇ ಬಂದದ್ದು. ನಮ್ಮ ಮನೆಯಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲು ಅದೇ ಬೆಟ್ಟದ ಕಲ್ಲು. ಆದುದರಿಂದಲೇ, ಬೆಟ್ಟದ ಒಂದು ಕಲ್ಲನ್ನೂ ಮುಟ್ಟಬೇಡಿ ಎಂದು ಪಟ್ಟಣದಲ್ಲಿ ಕುಳಿತು ಬರೆಯುವವರ ಮಾತನ್ನು ನಾನು ಒಪ್ಪಲಾರೆ. ಅವರು ಕುಳಿತಿರುವ ಮನೆಯ ತಳಪಾಯ ಎಲ್ಲಿಂದ ಬಂತೆಂದು ಕೇಳಬೇಕಾಗುತ್ತದೆ. ಹೊಲದವನು ಹಸಿರು ಬೇಲಿ ಕಿತ್ತದ್ದೂ ಹಟದಿಂದಲ್ಲ. ಎರಡು ಎಕರೆಯವನಿಗೆ ಬೇಲಿಯ ಅಗಲ ಎಂದರೆ ನಾಲ್ಕು ಸಾಲು ರಾಗಿ. ಆದರೆ ಬೆಟ್ಟವನ್ನು ಖರಾಬು ಎಂದು ಬರೆದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲವೆಂದು ತಿಳಿದು, ಯಾವ ಬೆಟ್ಟವನ್ನು ಒಡೆಯಬಹುದು, ಯಾವುದನ್ನು ಬಿಡಬೇಕು ಎಂಬ ವಿಚಾರವೇ ಇಲ್ಲದೆ ಮೊದಲು ಅರ್ಜಿ ಹಾಕಿದವರಿಗೆ ಮೊದಲು ಎಂದು ಒಡೆಯುವುದು ನ್ಯಾಯವಲ್ಲ. ಜೊತೆಗೆ ಯಂತ್ರ ಬಂದ ಮೇಲೆ ಬೆಟ್ಟವೂ ಹೋಯಿತು, ನಮ್ಮ ತಂದೆಯಂಥವರ ಕೂಲಿಯೂ ಇಳಿಯಿತು. ಅನ್ನಕ್ಕಾಗಿ ಬೆಟ್ಟ ಒಡೆಯಲೇಬೇಕು ಎನ್ನುವವರು ಆ ಅನ್ನ ಈಗ ಯಾರ ತಟ್ಟೆಗೆ ಹೋಗುತ್ತಿದೆ ಎಂಬುದನ್ನೂ ಹೇಳಬೇಕು.

ಮಾಡಬಹುದಾದದ್ದು ಇಲ್ಲದಿಲ್ಲ. ತಮಿಳುನಾಡಿನವರು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ ಕಡವೂರಿನಲ್ಲಿ 11,806 ಹೆಕ್ಟೇರನ್ನು ಕಾಡುಪಾಪದ ಅಭಯಾರಣ್ಯವೆಂದು ಸಾರಿದರು. ದೇಶದಲ್ಲಿ ಇದೇ ಮೊದಲನೆಯದು. ಬೆಂಗಳೂರಿನ ನಡುವೆ ವಿಜ್ಞಾನ ಮಂದಿರದ ಆವರಣದಲ್ಲಿ ಮರಗಳ ಕೊಂಬೆ ಕೂಡಿಕೊಂಡಿರುವ ಕಡೆ ಕಾಡುಪಾಪಗಳು ಇವೆ. ಆದುದರಿಂದ ಅವಕ್ಕೆ ಘೋರಾರಣ್ಯವೇ ಬೇಕೆಂದಿಲ್ಲ. ದೊಡ್ಡ ಅಭಯಾರಣ್ಯವನ್ನು ಸಾರಲು ನಾವು ಮಂತ್ರಿಗಳಲ್ಲ. ಆದರೆ 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಒಂದು ಸಮಿತಿ ಇರಬೇಕು, ಊರಿನ ಜೀವಜಾತಿಗಳ ದಾಖಲೆ ಪುಸ್ತಕವನ್ನು ಅದು ಬರೆದಿಡಬೇಕು. ಅದೇ ಕಾಯಿದೆಯ ಬಲದಿಂದ ದೇವನಹಳ್ಳಿಯ ಬಳಿಯ ನಲ್ಲೂರಿನ ಹಳೆಯ ಹುಣಿಸೆ ತೋಪು 2007ರಲ್ಲಿ ಪಾರಂಪರಿಕ ತಾಣವಾಯಿತು; ಅದರ ವಿಸ್ತಾರ ಕೇವಲ 54 ಎಕರೆ. ಒಂದು ತೋಪಿಗೆ ಆದದ್ದು ಒಂದು ಗುಡ್ಡಕ್ಕೆ, ಒಂದು ಸಾಲು ಬೇಲಿಗೆ ಏಕೆ ಆಗಬಾರದು? ಗುತ್ತಿಗೆಯ ಅರ್ಜಿ ಬಂದಾಗ ಪಂಚಾಯಿತಿಯ ಮೇಜಿನ ಮೇಲೆ ಖರಾಬಿನ ಪಹಣಿಯ ಪಕ್ಕದಲ್ಲಿ, ಈ ಬೆಟ್ಟದಲ್ಲಿ ಇಂಥ ಹಕ್ಕಿಯಿದೆ ಎಂದು ಬರೆದ ಇನ್ನೊಂದು ಹಾಳೆ ಇರಬೇಕು. ಈಗ ಆ ಹಾಳೆಯನ್ನು ಬರೆಯುವವರಿಲ್ಲ. ಬರೆದ ಕಡೆಯೂ ಪಟ್ಟಣದಿಂದ ಬಂದವರು ಒಂದೇ ದಿನದಲ್ಲಿ ತುಂಬಿ ಹೋದದ್ದನ್ನು ನಾನು ನೋಡಿದ್ದೇನೆ.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಾರದ ಶಿಬಿರ ವರ್ಷವರ್ಷವೂ ಯಾವುದಾದರೊಂದು ಹಳ್ಳಿಯಲ್ಲಿ ನಡೆಯುತ್ತದೆ. ಚರಂಡಿ ಬಳಿದು ದೇವಸ್ಥಾನಕ್ಕೆ ಸುಣ್ಣ ಹೊಡೆದು ಬರುತ್ತೇವೆ; ಒಳ್ಳೆಯ ಕೆಲಸವೇ. ಮುಂದಿನ ವರ್ಷ ಏಳು ದಿನಗಳಲ್ಲಿ ಎರಡು ದಿನವನ್ನು ಈ ಹಾಳೆಗಾಗಿ ಬಿಟ್ಟುಕೊಡಬೇಕೆಂದು ಅಧಿಕಾರಿಗಳಾದ ಗುರುಗಳಲ್ಲಿ ಅರಿಕೆ ಮಾಡುತ್ತೇನೆ. ನಾನು ಆಗ ಇಲ್ಲಿರುವುದಿಲ್ಲ. ಎರಡನೆಯ ವರ್ಷದ ಮಿತ್ರರು ಕೈಗೊಳ್ಳಬಹುದು. ಹಗಲಲ್ಲಿ ಊರಿನ ನಕ್ಷೆ ಹಿಡಿದು ಹಸಿರು ಬೇಲಿ ಎಲ್ಲಿ ಉಳಿದಿದೆ, ಎಲ್ಲಿ ಕಡಿದಿದೆ ಎಂದು ಗುರುತು ಹಾಕಬೇಕು. ಪಿಕಳಾರಕ್ಕೆ ಬೆಳಗಿನ ಆರರಿಂದ ಎಂಟು ಗಂಟೆಯ ಹೊತ್ತು ಒಳ್ಳೆಯದು. ಬಂಡೆಗಳ ನಡುವೆ ಹಣ್ಣು ಬಿಟ್ಟ ಆಲವೋ ಅತ್ತಿಯೋ ಇದ್ದರೆ ಅದರ ಎದುರಿಗೆ ಮಾತಾಡದೆ ಕುಳಿತಿರಬೇಕು. ರಾತ್ರಿ ಬೇಲಿಯ ಸಾಲಿನಲ್ಲಿ ಹೋಗುವವರು ಟಾರ್ಚಿನ ಬಾಯಿಗೆ ಕೆಂಪು ಹಾಳೆ ಕಟ್ಟಿಕೊಳ್ಳಬೇಕು, ಬಿಳಿಯ ಬೆಳಕು ಕಾಡುಪಾಪದ ಕಣ್ಣಿಗೆ ಹಿಂಸೆ. ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ. ಎಣಿಸಿ ಎರಡರಿಂದ ಭಾಗಿಸಿದರೆ ಲೆಕ್ಕ ಸಿಕ್ಕಿತು.